ಕರಿಬೇವಿನ ಗಿಡಕ್ಕೆ ತವರಿನ ಮಣ್ಣು

ಮಣ್ಣಿನ ಚೀಲಕ್ಕೆ ಉಡಿ ತುಂಬಿದ್ದು ನಿಜವೇ ಎಂದು ಕೇಳಿದರೆ ನಾನು ಪ್ರಮಾಣ ಮಾಡಲಾರೆ. ನನ್ನ ನೆನಪಿನಲ್ಲಿ ಚೀಲದ ಬಾಯಿಂದ ಹಳದಿ ರವಿಕೆ ಖಣ ಇಣುಕುತ್ತಿದೆ. ಹೆಂಡತಿ ಹಸಿರು ಎನ್ನುತ್ತಾಳೆ. ಎಪ್ಪತ್ತರ ದಶಕ ಎಂಬುದರಲ್ಲಷ್ಟೇ ನಮ್ಮಿಬ್ಬರಿಗೆ ಒಮ್ಮತ. ವಿಶ್ವವಿದ್ಯಾಲಯದಲ್ಲಿ ನನಗೆ ಎಲ್ಲವನ್ನೂ ಅನುಮಾನಿಸಲು ಕಲಿಸಿದರು; ಅನುಮಾನ ಬಗೆಹರಿಸುವ ಪಾಠದ ದಿನ ನಾನು ಗೈರುಹಾಜರಿದ್ದೆನೇನೋ.

ಬಳ್ಳಾರಿಯ ಗಾಂಧಿನಗರದ ನಮ್ಮ ಹಿತ್ತಲು ಅಪ್ಪಟ ಎರೆಮಣ್ಣು. ಮಳೆ ಬಂದರೆ ನೀರು ಇಂಗದೆ ನಿಂತು, ಮಣ್ಣು ಮೆತ್ತಿ ಚಪ್ಪಲಿ ಇಟ್ಟಂಗಿಯಷ್ಟು ದಪ್ಪವಾಗುತ್ತಿತ್ತು. ಬೇಸಿಗೆಯಲ್ಲಿ ಬಾಯಿ ಬಿಟ್ಟ ಬಿರುಕೊಂದು ನನ್ನ ಪೆನ್ನನ್ನೇ ನುಂಗಿತು. ಮೊದಲ ಕರಿಬೇವಿನ ಸಸಿ ಮಳೆಗಾಲದಲ್ಲಿ ಬೇರು ಕೊಳೆತು ಸತ್ತಿತು, ಎರಡನೆಯದು ಬಿರುಕಿನಲ್ಲಿ ಬೇರು ಹರಿದು. ಪಕ್ಕದ ಮನೆಯವರು ಅಂಗಳಕ್ಕೆ ಮೊರಂ ಎಂಬ ಗರಸು ಮಣ್ಣು ಹಾಕಿಸಿದ್ದರು. ಅಲ್ಲಿ ಕರಿಬೇವು ಮರವಾಗಿ ನಿಂತಿತ್ತು. ಹೆಂಡತಿ ದಿನಾ ಗೋಡೆಯಾಚೆ ಕೈ ಚಾಚುತ್ತಿದ್ದಳು.

“ಬರ್ರಿ ಅಕ್ಕಾರ,” ಎಂದರು ಪಕ್ಕದ ಮನೆಯಾಕೆ ಒಂದು ದಿನ. “ಎಲಿ ನಮ್ದು, ಘಮಘಮ ನಿಮ್ದು! ನಿಮ್ಮ ಸಾಹೇಬ್ರು ಅಷ್ಟು ಓದ್ಯಾರ, ಒಂದು ಗಿಡ ಬದುಕ್ಸಾಕ ಬರಂಗಿಲ್ಲೇನು?”

ಹೆಂಡತಿ ಒಳಗೆ ಬಂದವಳೇ ಒಗ್ಗರಣೆ ಸೌಟನ್ನು ಮೊಳೆಗೆ ತೂಗುಹಾಕಿದಳು. “ನಮ್ಮ ಗಿಡದ ಎಲಿ ಬರೋತನಕ ಈ ಮನ್ಯಾಗ ಒಗ್ಗರಣಿ ಇಲ್ಲ.”

ಅಂದಿನಿಂದ ಸಾರು ಬಿಸಿನೀರಿನ ದೂರದ ಸಂಬಂಧಿಯಾಯಿತು. ಬೆಳಗಿನ ಮಂಡಕ್ಕಿ ಒಗ್ಗರಣೆ ಬರೀ ಮಂಡಕ್ಕಿಯಾಯಿತು.

ನಾಲಿಗೆಯ ಸಂಕಟಕ್ಕೆ ನಾನು ನೀರು ಬಸಿಯುವ ಕೆಂಪು ಮಣ್ಣು ತರಲು ಹೆಂಡತಿಯ ತವರು ಕುರುಗೋಡಿಗೆ ಓಡಿದೆ. ಚೀಲ ತುಂಬಿದ ಮೇಲೆ ಅತ್ತೆ ಹೆಣ್ಣುಮಕ್ಕಳಿಗೆ ಉಡಿ ತುಂಬುವ ಹಾಗೆ ಅದರ ಬಾಯೊಳಗೆ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟರು.

“ಅತ್ತಿಯಾರ, ಅದು ಮಣ್ಣು.”

“ತವರಿಂದ ಮಗಳ ಮನಿಗೆ ಹೊಂಟೈತಿ. ಬರಿಗೈಲೆ ಕಳಸಾಕ ಬರ್ತೈತೇನು?”

ಬಸ್ಸಿನಲ್ಲಿ ಕಂಡಕ್ಟರ್ ಕಾಲಿನಿಂದ ಚೀಲ ತಿವಿದ. “ಏನೈತ್ರಿ ಇದ್ರಾಗ?”

“ಮಣ್ಣು.”

“ಬಳ್ಳಾರ್ಯಾಗ ಖಾಲಿ ಆತೇನ್ರಿ?” ಎಂದವನಿಗೆ ಖಣ ಕಂಡಿತು. “ಓ, ಹೆಣ್ಮಗಳು! ಮುಂದಿನ ಸೀಟಿಗೆ ಕೂಡ್ಸ್ರಿ ಮತ್ತ!”

ಇದನ್ನು ಅವನೇ ಅಂದನೋ, ವರ್ಷಗಟ್ಟಲೆ ಹೇಳಿ ಹೇಳಿ ನಾನೇ ಅವನ ಬಾಯಿಗೆ ತುರುಕಿದೆನೋ ತಿಳಿಯದು.

ಮಣ್ಣು ಸಡಿಲಾಗಲು ಹೊಳೆಯ ಉಸುಕು ಬೇಕಿತ್ತು. ಅದಕ್ಕೆ ಸಿರುಗುಪ್ಪದ ನನ್ನ ತಂಗಿಯ ಮನೆಗೆ ಹೋದೆ. ಸುದ್ದಿ ಕೇಳಿ ಅವಳು ಸಿಡಿದಳು. “ಅತ್ತಿಗಿ ತವರಿನ ಮಣ್ಣಿಗೆ ಉಡಿ, ನಮ್ಮ ಉಸುಕಿಗೆ ಏನೂ ಇಲ್ಲ? ನಾವೇನು ಗತಿಗೆಟ್ಟೀವೇನು?” ಅವಳೂ ಉಡಿ ತುಂಬಿದಳು, ಜೊತೆಗೆ ಬಾಳೆಹಣ್ಣು ಬೇರೆ. ಹಾಗಾದರೆ ಖಣಗಳೇ ಎರಡಿದ್ದವು, ಬಣ್ಣವೂ ಎರಡಿರಬಹುದು. ಈ ವಾದವನ್ನು ನಾನೂ ಒಪ್ಪಿಲ್ಲ, ಹೆಂಡತಿಯೂ ಒಪ್ಪಿಲ್ಲ.

ಗುಂಡಿ ತೋಡಿ, ತಳಕ್ಕೆ ಕಲ್ಲು ಹಾಕಿ, ಮೂರೂ ಬಗೆಯ ಮಣ್ಣು ಕಲಸಿ, ನೀರು ನಿಲ್ಲದಂತೆ ದಿಬ್ಬ ಮಾಡಿ ಗೋಡೆಯ ಪಕ್ಕ ಮೂರನೆಯ ಸಸಿ ನೆಟ್ಟೆವು. ಬೇಸಿಗೆಯಲ್ಲಿ ಬಿರುಕು ಬಿಡದಿರಲೆಂದು ಶೇಂಗಾ ಸಿಪ್ಪೆ ಹೊದಿಸಿದೆವು. ನಾನು ಪ್ರತಿದಿನ ಎದ್ದೊಡನೆ ಅದರ ಮುಂದೆ ಕೂತು ಸಾಸಿವೆ ಸಿಡಿಯುವ ಸದ್ದನ್ನು ಧ್ಯಾನಿಸುತ್ತಿದ್ದೆ.

ಗಿಡ ಬದುಕಿತು. ಸೌಟು ಮೊಳೆಯಿಂದ ಇಳಿದ ದಿನ ಮೂರು ತಟ್ಟೆ ಮಂಡಕ್ಕಿ ಒಗ್ಗರಣೆ ತಿಂದೆ. ಹೆಂಡತಿ ಒಂದು ಎಸಳನ್ನು ಗೋಡೆಯ ಮೇಲಿಂದ ದಾಟಿಸಿದಳು. “ತಗೋರಿ, ಎಲಿ ನಮ್ದು.”

“ನಮ್ಮ ಮರದ ಗಾಳಿ ಬಡದು ಬಂದೈತಿ, ಬಿಡ್ರಿ,” ಎಂದರು ಆಕೆ.

ಕೆಲವು ವರ್ಷಗಳಲ್ಲಿ ಅವರ ಮರ ಒಣಗಿತು. ಅದೇ ಅಂಗಳದಲ್ಲಿ ಯಾವುದೋ ಬೇರಿನಿಂದ ಹೊಸ ಕುಡಿಯೊಂದು ಎದ್ದಿತು. ತಮ್ಮ ಮರದ ಕೂಸು ಎಂದರು ಆಕೆ. ನಮ್ಮದರ ಕೂಸು ಎಂದಳು ಹೆಂಡತಿ, ಸೌಟು ಹಿಡಿದೇ. ನಾವು ಮನೆ ಬದಲಿಸಿದ ಮೇಲೂ ಈ ವ್ಯಾಜ್ಯ ಮುಗಿಯಲಿಲ್ಲ. ಕೊನೆಗೊಮ್ಮೆ ಅಲ್ಲಿಗೆ ಹೋಗಿ, ಆಕೆಯ ಅಪ್ಪಣೆ ಪಡೆದು, ಅವರದೇ ಚಮಚದಿಂದ, ಮೊಣಕಾಲೂರಿ ಕೆರೆದು ನೋಡಿದೆ. ಬೇರು ಗೋಡೆಯ ಅಡಿಯಿಂದ, ನಮ್ಮ ದಿಬ್ಬದ ಕಡೆಯಿಂದಲೇ ಬಂದಿತ್ತು.