ದ್ಯಾಮಕ್ಕ ಸುಟ್ಟ ರೊಟ್ಟಿ

ಭಾನುವಾರ ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ದ್ಯಾಮಕ್ಕ ಹಂಚಿನ ಮೇಲಿನ ಗೋಧಿರೊಟ್ಟಿಯನ್ನು ತಿರುವಿ ಹಾಕುತ್ತಿದ್ದಳು. ಉಪ್ಪಿಲ್ಲದ, ಅಂಗೈಯಗಲದ ಎರಡು ರೊಟ್ಟಿ. ಎಂಟೂವರೆಯ ಆರಾಧನೆಯಲ್ಲಿ ಪಾದ್ರಿ ಅಯ್ಯನವರು ಅವನ್ನು ಮುರಿದು, ಮೊಣಕಾಲೂರಿ ಕೈಚಾಚಿದವರಿಗೆ ಒಂದೊಂದು ಚೂರು ಕೊಡುತ್ತಿದ್ದರು. ಹೊಸಹಳ್ಳಿ ಹತ್ತಿರದ ಆ ಚಿಕ್ಕ ಚರ್ಚಿಗೆ ರೊಟ್ಟಿ ಸುಡುವುದು ದ್ಯಾಮಕ್ಕನ ಕೆಲಸ, ಗಂಟೆ ಹೊಡೆಯುವುದು ಅವಳ ಗಂಡ ಹುಲುಗಪ್ಪನದು. ತಾನು ಸುಟ್ಟ ರೊಟ್ಟಿಯನ್ನು ಅವಳು ಒಂದು ದಿನವೂ ಬಾಯಿಗಿಟ್ಟವಳಲ್ಲ. ಅವಳಿಗೆ ದೀಕ್ಷಾಸ್ನಾನ ಆಗಿರಲಿಲ್ಲ.

ಬೇರೆ ಬೇರೆ ಕ್ರೈಸ್ತ ಸಭೆಗಳು ಕೂಡಿ ಒಂದಾಗಿ ಎಷ್ಟೋ ಕಾಲವಾಗಿದ್ದರೂ ಆ ಚರ್ಚಿನವರು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಕಾಲದ ಪ್ರಾರ್ಥನಾ ಪುಸ್ತಕವನ್ನು ಬಿಟ್ಟಿರಲಿಲ್ಲ. ಅದರ ಪ್ರಕಾರ ಮೊದಲು ದೀಕ್ಷಾಸ್ನಾನ, ಆಮೇಲೆ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಮಾಡುವ ದೃಢೀಕರಣ, ಅದಾದ ಮೇಲೆಯೇ ರೊಟ್ಟಿ. ದೀಕ್ಷಾಸ್ನಾನವನ್ನು ಅಯ್ಯನವರೇ ಯಾವ ದಿನವಾದರೂ ಮಾಡಬಹುದಿತ್ತು, ಆದರೆ ಹುಲುಗಪ್ಪನದು ಒಂದೇ ಹಟ.

"ಬಿಷಪ್ಪರು ಬಂದ ದಿನಾನ ಎಲ್ಲಾ ಆಗ್ಲಿ. ಮುಂಜಾನಿ ನೀರು ಹಾಕಿಸ್ಕೊ, ಆಗ್ಲೇ ರೊಟ್ಟೀನೂ ತಗೊ."

ಬಿಷಪ್ಪರು ಬರುವುದು ಐದಾರು ವರ್ಷಕ್ಕೊಮ್ಮೆ. ಒಂದು ಸಲ ದ್ಯಾಮಕ್ಕ ಮಗಳ ಬಾಣಂತನಕ್ಕೆ ಕೊಟ್ಟೂರಿಗೆ ಹೋಗಿದ್ದಳು. ಇನ್ನೊಂದು ಸಲ ಅತ್ತೆ ತೀರಿಕೊಂಡಳು. ಮತ್ತೊಂದು ಸಲ ಬಿಷಪ್ಪರೇ ಬರಲಿಲ್ಲ. ಈ ಸಲ ಇಪ್ಪತ್ತೆರಡು ದಿನ ಉಳಿದಿತ್ತು. ಪಟ್ಟಿಯಲ್ಲಿ ಅವಳ ಹೆಸರೇ ಮೊದಲು.

ರೊಟ್ಟಿ ತಿರುವಿದವಳು ಹಾಗೇ ಗೋಡೆಗೆ ಒರಗಿದಳು. "ಎದಿ ಹಿಡ್ಕೊಂಡೈತಿ, ಒಂದೀಟು ನೀರು ಕೊಡ್ರಿ."

ಹುಲುಗಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೊಂಬಿನಿಂದ ಗುಟುಕು ಗುಟುಕಾಗಿ ಕುಡಿಸಿದ.

"ರೊಟ್ಟಿ ಸೀದೀತು, ತಗೀರಿ" ಅಂದಳು. ಆಟೋ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಅಯ್ಯನವರು ಕ್ರಾಂತಿಕುಮಾರ್ ಓಡಿ ಬಂದರು. ಬಂದು ಇನ್ನೂ ಎರಡು ವರ್ಷವಾಗದ ಚಿಕ್ಕ ವಯಸ್ಸಿನವರು.

"ಅಯ್ನಾರ, ಮಣ್ಣು ಕೊಡೋವಾಗಿನ ಪ್ರಾರ್ಥನಿ ಓದ್ತೀರಲ್ಲ?" ಹುಲುಗಪ್ಪ ಕೇಳಿದ.

"ದೀಕ್ಷಾಸ್ನಾನ ಆಗದೋರಿಗೆ ಅದನ್ನ ಓದಬಾರ್ದು ಅಂತ ಪುಸ್ತಕದಾಗ ಐತಿ, ಹುಲುಗಪ್ಪಣ್ಣ. ಒಂದು ಕೀರ್ತನಿ ಓದ್ತೀನಿ." ಆಮೇಲೆ ಕೇಳಿದರು: "ಕಡೀಗೆ ಏನಂದ್ಲು?"

"ನೀರು ಕೇಳಿದ್ಲು. ಕುಡಿಸಿದೆ."

"ಅದ ನೀರನ್ನ ಹಣಿಮ್ಯಾಗ ಹಾಕಿ, ತಂದಿ, ಮಗ, ಪವಿತ್ರಾತ್ಮನ ಹೆಸರು ಹೇಳಿದ್ರ ಸಾಕಿತ್ತಲ್ಲಣ್ಣ. ಜೀವ ಹೋಗೋ ಹೊತ್ತಿನಾಗ ಯಾರು ಹಾಕಿದ್ರೂ ನಡೀತೈತಿ, ಅಯ್ನಾರ ಬೇಕಂತಿಲ್ಲ." ಆಡಬಾರದ್ದನ್ನು ಆಡಿದೆ ಅನ್ನಿಸಿ ಅವರು ತಲೆ ತಗ್ಗಿಸಿದರು.

ಚೊಂಬು ಒಲೆಯ ಪಕ್ಕದಲ್ಲೇ ಇತ್ತು. ಅರ್ಧ ನೀರು ಉಳಿದಿತ್ತು. ಹುಲುಗಪ್ಪ ಅದನ್ನು ನೋಡುತ್ತಲೇ ಕುಳಿತ. "ಹಂಗಾದ್ರ ಗಂಟಿನೂ ಇಲ್ಲೇನ್ರಿ?" ಅಂದ. ಸಭೆಯವರು ತೀರಿಕೊಂಡರೆ ಅವರ ವಯಸ್ಸಿನಷ್ಟು ಗಂಟೆ ಹೊಡೆಯುವುದು ಅಲ್ಲಿಯ ವಾಡಿಕೆ. ಇಷ್ಟು ವರ್ಷ ಎಲ್ಲರಿಗೂ ಹೊಡೆದವನು ಅವನೇ.

ಅಯ್ಯನವರು ಪುಸ್ತಕ ಮುಚ್ಚಿದರು. "ಗಂಟಿ ವಿಚಾರ ಇದ್ರಾಗ ಏನೂ ಬರ್ದಿಲ್ಲಣ್ಣ. ಹೊಡಿ."

ಸಂಜೆ ನಾಲ್ಕಕ್ಕೆ ಹುಲುಗಪ್ಪ ಹಗ್ಗ ಹಿಡಿದು ನಿಂತ. ಎಷ್ಟು ಹೊಡೆಯುವುದು? ಆಧಾರ್ ಕಾರ್ಡಿನಲ್ಲಿದ್ದುದು ಯಾರೋ ಅಂದಾಜಿಗೆ ಬರೆದ ಇಸವಿ. ಹೋದ ತಿಂಗಳು ಪಟ್ಟಿ ಬರೆಯುವಾಗ ಅಯ್ಯನವರು ವಯಸ್ಸು ಕೇಳಿದ್ದು, ದ್ಯಾಮಕ್ಕ ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೇಳಿದ್ದು, ಕೂತವರೆಲ್ಲ ನಕ್ಕಿದ್ದು ಅವನಿಗೆ ನೆನಪಾಯಿತು. ದ್ಯಾಮಕ್ಕನ ಆ ಮಾತಿನ ಲೆಕ್ಕಕ್ಕೇ ಅವನು ಹಗ್ಗ ಜಗ್ಗಿದ:

"ನಮ್ಮವ್ವ ಎಲ್ಲಿ ಬರ್ದಿಟ್ಟಾಳ್ರಿ ಅಯ್ನಾರ? ಈ ಗುಡೀಗೆ ಬಂದ ವರ್ಸ ಬರ್ಕೊಳ್ರಿ, ನಾನು ಎಣಿಸಿದ್ದು ಅವನ್ನಷ್ಟ: ಇಪ್ಪತ್ತೊಂಬತ್ತು."