ಅಣ್ಣ ಬದುಕಿದ ಮೇಲೆ ತಂಗಿಯ ನೆನಪು

ಕಾಲದಲ್ಲಿ ಹಿಂದಕ್ಕೆ ಹೋಗಿ ಬರುವವರ ಕಥೆಗಳೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಪುಸ್ತಕವಾಗಲಿ, ಸಿನಿಮಾ ಆಗಲಿ, ಯಂತ್ರ ಹೇಗೆ ಓಡುತ್ತದೆ ಎಂಬುದರ ಕಡೆ ನನ್ನ ಗಮನ ಹೋಗುವುದಿಲ್ಲ. ಹಿಂದೆ ನಡೆದದ್ದನ್ನು ಬದಲಿಸಿ ಮರಳಿದವನ ತಲೆಯೊಳಗೆ ಏನಾಗುತ್ತದೆ ಎಂಬುದನ್ನೇ ನೋಡುತ್ತೇನೆ. ಕೆಲವು ಕಥೆಗಳಲ್ಲಿ ಅವನೊಬ್ಬನಿಗೆ ಮಾತ್ರ ಹಳೆಯದೆಲ್ಲ ನೆನಪಿರುತ್ತದೆ. ಕೆಲವುಗಳಲ್ಲಿ ಹಳೆಯ ನೆನಪು ಮೆಲ್ಲಗೆ ಅಳಿಸಿ, ಆ ಜಾಗದಲ್ಲಿ ಹೊಸದು ಬಂದು ಕೂರುತ್ತದೆ. ಎರಡೂ ಒಂದೇ ತಲೆಯಲ್ಲಿ ಸೇರಿಕೊಂಡು ಮನುಷ್ಯ ತತ್ತರಿಸುವ ಕಥೆಗಳೂ ಇವೆ.

ಮಾನ್ವಿಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಲೇ ನಾನೂ ಅಂಥದೊಂದು ನಾಟಕ ಬರೆದೆ, ರಾಯಚೂರಿನ ನಮ್ಮ ಹವ್ಯಾಸಿ ತಂಡಕ್ಕೆಂದು. ಚಿಕ್ಕಂದಿನಲ್ಲಿ ಕಾಲುವೆಗೆ ಈಜಲು ಹೋಗಿ ಸತ್ತ ಅಣ್ಣನನ್ನು ಉಳಿಸಿಕೊಳ್ಳಲು ತಂಗಿಯೊಬ್ಬಳು ಆ ಮಧ್ಯಾಹ್ನಕ್ಕೆ ವಾಪಸು ಹೋಗುತ್ತಾಳೆ. ಏನೋ ನೆಪ ಹೇಳಿ ಅವನನ್ನು ಮನೆಯಲ್ಲೇ ತಡೆಯುತ್ತಾಳೆ. ತನ್ನ ಕಾಲಕ್ಕೆ ಮರಳಿದಾಗ ಅಣ್ಣ ಬದುಕಿದ್ದಾನೆ, ಮದುವೆಯಾಗಿದ್ದಾನೆ, ಮಕ್ಕಳಿದ್ದಾರೆ. ನಾನು ಬರೆದ ಕೊನೆಯಲ್ಲಿ ಅವಳ ಹಳೆಯ ದುಃಖವೆಲ್ಲ ಅಳಿಸಿ ಹೋಗಿ, ಅವನು ಸತ್ತಿದ್ದ ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ. ಎಲ್ಲರೂ ನಗುನಗುತ್ತ ಊಟಕ್ಕೆ ಕೂರುತ್ತಾರೆ. ಬರೆದು ಮುಗಿಸಿದಾಗ ನನಗೆ ಸಮಾಧಾನವಾಗಿತ್ತು.

ತಂಗಿಯ ಪಾತ್ರಕ್ಕೆ ಒಪ್ಪಿಕೊಂಡವರು ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿದ್ದು ಓದಿದವರು. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ರಾಯಚೂರಿಗೆ ತಾಲೀಮಿಗೆ ಬರುತ್ತಿದ್ದರು. ಮಾತು ಕಡಿಮೆ. ಅಣ್ಣನ ಪಾತ್ರ ಮಾನ್ವಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ನನ್ನ ಗೆಳೆಯನದು. ಅವನದು ತದ್ವಿರುದ್ಧ, ಅವನ ಬಾಯಿ ಮುಚ್ಚಿಸುವುದೇ ನನಗೆ ಕೆಲಸವಾಗಿತ್ತು.

ಕೊನೆಯ ದೃಶ್ಯದ ತಾಲೀಮು ಶುರುವಾದ ದಿನ ಟೀಚರ್ ಅರ್ಧಕ್ಕೇ ನಿಂತುಬಿಟ್ಟರು.

"ಸರ್, ಇದು ನನ್ನ ಕೈಲಿ ಆಗಾಂಗಿಲ್ರಿ."

"ಯಾಕ್ರೀ ಟೀಚರ್?"

"ಆಕಿ ಎಲ್ಲಾ ಮರತು ಬಿಟ್ರ, ಆಕಿ ಹೋಗಿ ಬಂದಿದ್ದು ಯಾರಿಗೆ ಗೊತ್ತಾಗತದ್ರೀ? ಸ್ವತಃ ಆಕಿಗೇ ಗೊತ್ತಿಲ್ಲ. ಅಣ್ಣ ಎದುರಿಗೆ ಕುಂತ್ರ ಬರೇ ಅಣ್ಣ ಕುಂತಾನ ಅಂತಾಳ, ಅಷ್ಟ."

"ಆಕಿ ಸುಖವಾಗಿರಲಿ ಅಂತ ಹಂಗ ಬರದೀನ್ರಿ. ಸತ್ತಿದ್ದು ನೆನಪಿಟ್ರ, ಈ ಹೊಸಾ ಕಾಲ ಆಕಿ ಬದುಕಿದ್ದಲ್ಲ, ಅವನ ಮದುವಿ, ಅವನ ಮಕ್ಕಳು ಹುಟ್ಟಿದ್ದು ಯಾವುದೂ ಆಕಿಗೆ ನೆನಪಿರಾಂಗಿಲ್ಲ. ಎಲ್ಲಾರ ನಡುವ ಒಬ್ಬಾಕಿ ಪರದೇಶಿ ಆಗ್ತಾಳ."

"ಆಗಲಿ ಬಿಡ್ರಿ. ನಾ ಹಂಗ ಇದ್ದು ನೋಡೀನಿ."

ಆಕೆ ಹಾಗೆಂದದ್ದು ನಮಗೆ ಅರ್ಥವಾಗಲಿಲ್ಲ. ತಾಲೀಮು ನಿಲ್ಲಿಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದೆವು. ಮಂಡಕ್ಕಿಯನ್ನು ಬೆರಳಲ್ಲಿ ಆರಿಸಿ ತಿನ್ನುತ್ತ ಟೀಚರ್ ಹೇಳಿದರು.

"ಹೆರಿಗಿ ಟೈಮಿನ್ಯಾಗ ನನಗ ಬಿ.ಪಿ. ಏರಿ ಫಿಟ್ಸ್ ಬಂದಿತ್ತಂತ್ರೀ. ಬಂದಿತ್ತಂತ ಅಂತೀನಿ, ಯಾಕಂದ್ರ ನನಗ ನೆನಪಿಲ್ಲ. ಮಗಳು ಹುಟ್ಟಿದ್ದು ನೆನಪಿಲ್ಲ, ಅದಕ್ಕಿಂತ ಮೊದಲ ಬಸರಿ ಇದ್ದಾಗ ಸೀರಿ ಉಡಿಸಿ ಕುಬಸ ಮಾಡಿದ್ದೂ ನೆನಪಿಲ್ಲ. ಕುಬಸದ ಫೋಟೋದಾಗ ಹಸರು ಬಳಿ ಹಾಕ್ಕೊಂಡು ನಾನ ನಗಾಕತ್ತೀನಿ. ಯಾಕ ನಕ್ಕೆ ಅಂತ ನನಗ ಗೊತ್ತಿಲ್ಲ."

ಗೆಳೆಯ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗಿಟ್ಟ.

"ಮೊದಮೊದಲು ಎಲ್ಲಾದಕ್ಕೂ ಹೂಂ ಹೂಂ ಅಂತಿದ್ದೆ," ಎಂದರು ಟೀಚರ್. "ಮಂದಿ ಏನಂತಾರೋ ಅಂತ ಅಂಜಿಕಿ. ಹೆತ್ತ ಮಗಳು ಹುಟ್ಟಿದ್ದ ನೆನಪಿಲ್ಲ ಅಂದ್ರ ಹ್ಯಾಂಗ್ರೀ? ಒಂದಿನ ನಮ್ಮ ಮನಿಯವರಿಗೆ ಅಂದೆ, ನನಗೇನೂ ನೆನಪಿಲ್ಲ, ನೀವ ಹೇಳ್ರಿ ಅಂತ. ಅವರು ಹೇಳಿದ್ರು. ಆಮ್ಯಾಲ ನಮ್ಮವ್ವನ್ನ ಕೇಳಿದೆ, ಅತ್ತಿನ್ನ ಕೇಳಿದೆ. ಒಬ್ಬೊಬ್ಬರು ಒಂದೊಂದು ನಮೂನಿ ಹೇಳ್ತಾರ. ಮಗಳು ಹುಟ್ಟಿದ ತಕ್ಷಣ ಅತ್ಲು ಅಂತ ನಮ್ಮವ್ವ, ಇಲ್ಲ ಅಳಲೇ ಇಲ್ಲ ಅಂತ ನಮ್ಮತ್ತಿ. ಕೇಳಿ ಕೇಳಿ ಅದನ್ನ ನನ್ನದು ಮಾಡ್ಕೊಂಡೀನ್ರಿ."

ಅಷ್ಟು ವರ್ಷ ನಾನು ಓದಿದ್ದ ಕಥೆಗಳಲ್ಲಿ ಕಾಲ ದಾಟಿ ಬಂದವರು ತಮ್ಮ ಗುಟ್ಟನ್ನು ಹೊತ್ತುಕೊಂಡು ಒಬ್ಬರೇ ಒದ್ದಾಡುತ್ತಿದ್ದರು. ತಾವು ಬದುಕದ ದಿನಗಳನ್ನು ಬದುಕಿದವರ ಬಾಯಿಂದ ಕೇಳಿ ಪಡೆದುಕೊಂಡವರನ್ನು ನಾನು ಕಂಡಿರಲಿಲ್ಲ. ಆ ವಾರವೇ ಕೊನೆಯನ್ನು ಮತ್ತೆ ಬರೆದೆ. ತಂಗಿಗೆ ಸಾವು ನೆನಪಿರುತ್ತದೆ, ಮದುವೆ ನೆನಪಿರುವುದಿಲ್ಲ. ಊಟಕ್ಕೆ ಕೂತಾಗ ಅಣ್ಣ, "ನನ್ನ ಮದುವ್ಯಾಗ ನೀ ಅರಿಶಿಣ ಹಚ್ಚಿದ್ದು ನೆನಪದ ಏನು?" ಎಂದು ಕೇಳುತ್ತಾನೆ. ಅವಳು ಕಣ್ಣೀರು ಹಾಕುತ್ತಾಳೆ ಎಂದು ಬರೆದಿದ್ದೆ. ಟೀಚರ್ ಅಳಲು ಒಪ್ಪಲಿಲ್ಲ. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಮರತೀನಪ್ಪಾ. ನೀನ ಹೇಳು," ಎಂದು ಎದುರಿಗೆ ಕೂತರು. ಅದು ನನ್ನ ಸಾಲಿಗಿಂತ ಎಷ್ಟೋ ಚೆನ್ನಾಗಿತ್ತು.

ರಾಯಚೂರಿನ ಪ್ರದರ್ಶನ ಸುಸೂತ್ರವಾಗಿ ನಡೆಯಿತು. ದೇವದುರ್ಗದಲ್ಲಿ ಆಡಿದಾಗ ಸಭಾಂಗಣದ ತುಂಬ ಟೀಚರ್ ಅವರ ವಿದ್ಯಾರ್ಥಿಗಳು, ನೆಂಟರು. ಕೊನೆಯ ದೃಶ್ಯದಲ್ಲಿ ಅಣ್ಣ ಮದುವೆಯ ಸುದ್ದಿ ಹೇಳಿ ಮುಗಿಸಿದ. ಪರದೆ ಬೀಳಬೇಕಿತ್ತು. ಟೀಚರ್, "ಇಷ್ಟ ಏನು? ಇನ್ನಾ ಹೇಳು," ಎಂದುಬಿಟ್ಟರು. ಅದು ನಾಟಕದಲ್ಲಿರಲಿಲ್ಲ. ಗೆಳೆಯ ತಬ್ಬಿಬ್ಬಾದ. ಆಮೇಲೆ ತನ್ನ ಸ್ವಂತ ಮದುವೆಯ ದಿನ ಭಾವ ಹಾಲಿನ ಪಾತ್ರೆ ಉರುಳಿಸಿದ್ದು, ಬಾಸಿಂಗ ಜಾರಿ ಮೂಗಿನ ಮೇಲೆ ಕೂತದ್ದು ಎಲ್ಲವನ್ನೂ ಹೇಳತೊಡಗಿದ. ಜನ ಬಿದ್ದುಬಿದ್ದು ನಕ್ಕರು. ನಾನು ಮಾತ್ರ ಪರದೆಯ ಹಗ್ಗ ಹಿಡಿದುಕೊಂಡು ಟೀಚರ್ ಮುಖವನ್ನೇ ನೋಡುತ್ತಿದ್ದೆ. ಹಸಿದವರು ಉಣ್ಣುವ ಹಾಗೆ ಆ ಮಾತು ಕೇಳುತ್ತಿದ್ದರು. ಕೇಳುವುದನ್ನು ಅಷ್ಟು ದೊಡ್ಡ ಅಭಿನಯವಾಗಿ ಮಾಡಿದವರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ನಾಟಕ ಮುಗಿದ ಮೇಲೆ ವಯಸ್ಸಾದ ಹೆಣ್ಣುಮಗಳೊಬ್ಬರು ಕೋಲು ಊರಿಕೊಂಡು ರಂಗದ ಹಿಂದಕ್ಕೆ ಬಂದರು. ಅವರ ತಮ್ಮ ಹುಡುಗನಿದ್ದಾಗಲೇ ನೀರಿನಲ್ಲಿ ಮುಳುಗಿ ಹೋಗಿದ್ದನಂತೆ.

"ಅಣ್ಣ ಬದುಕಿ ಬಂದ ಮ್ಯಾಲ ಆ ದುಃಖಾ ಎಲ್ಲಾ ಯಾಕ ಇಟಗೊಂಡೀ ಬೇ? ಮರತು ಬಿಡಬೇಕಿಲ್ಲೇನು?"

ಟೀಚರ್ ಅಜ್ಜಿಯ ಕೈ ಹಿಡಿದರು. "ಯವ್ವಾ, ನಾ ಮರತ್ರ ಅವ ಬದುಕಿದ್ದು ದೊಡ್ಡದಂತ ಯಾರಿಗೂ ಅನಸಾಂಗಿಲ್ಲ. ಅವ ಊಟಕ್ಕ ಕುಂತಾಗ ನನಗೊಬ್ಬಾಕಿಗ್ಯಾರ ಅದು ಹಬ್ಬ ಆಗಲಿ."

ಅಜ್ಜಿ ಟೀಚರ್ ಕೈಯನ್ನು ಮೆಲ್ಲಗೆ ತಟ್ಟಿದರು. "ಇದ್ದೀತು. ಖರೇ ಹೇಳ್ತೀನಿ, ನನಗ ಅಂಥಾದ್ದು ಸಿಕ್ರ ನಾ ಮರೀತೀನಿ ನೋಡವ್ವಾ. ಅವ ಇದ್ರ ಸಾಕು." ಟೀಚರ್ ಅಜ್ಜಿಯನ್ನು ಆಟೋದವರೆಗೂ ಕೈಹಿಡಿದು ನಡೆಸಿಕೊಂಡು ಹೋದರು.

ಅಜ್ಜಿಯ ಮಾತು ಈಗ ನನ್ನನ್ನು ಬಿಡುತ್ತಿಲ್ಲ. ತಮ್ಮ ಬದುಕಿದ ಕೂಡಲೇ ಎಲ್ಲವನ್ನೂ ಸಂತೋಷದಿಂದ ಮರೆತುಬಿಡುವ ಅಕ್ಕನೊಬ್ಬಳ ನಾಟಕ ಬರೆಯಬೇಕೆಂದಿದ್ದೇನೆ. ಮೊನ್ನೆ ಫೋನು ಮಾಡಿ, ಪಾತ್ರ ಮಾಡುತ್ತೀರಾ ಎಂದು ಟೀಚರ್ ಅವರನ್ನು ಕೇಳಿದೆ.

"ಮೊದಲ ಬರೀರಿ ಸರ್," ಎಂದು ನಕ್ಕರು. "ಓದಿ ನೋಡಿ, ಆಮ್ಯಾಲ ಜಗಳಾ ತಗೀತೀನಿ."