ಬಟಾಣಿ ತಾತ

ಹೆಣಕ್ಕೆ ಹೆದರದ ಮನುಷ್ಯ ಅಂದರೆ ನಮ್ಮ ಜುಂಜಪ್ಪ. ತುಮಕೂರಿನ ಮೆಡಿಕಲ್ ಕಾಲೇಜೊಂದರ ಅನಾಟಮಿ ವಿಭಾಗದಲ್ಲಿ ಅವನು ಅಟೆಂಡರ್, ನಾನು ಟೈಪಿಸ್ಟ್. ಇಬ್ಬರೂ ಗುಬ್ಬಿಯವರು, ದಿನಾ ಒಂದೇ ಬಸ್ಸು. ಹೆಣ ಕೊಯ್ಯುವ ಹಾಲ್‌ನಲ್ಲಿ ಬೆಳಗ್ಗೆಯಿಂದ ದುಡಿದು, ಮೂರು ಸಲ ಸೋಪು ಹಾಕಿ ಕೈ ತೊಳೆದು, ನನ್ನ ಪಕ್ಕವೇ ಕೂತು ಚಿತ್ರಾನ್ನ ತಿನ್ನುತ್ತಿದ್ದ. ಮೊದಲ ವರ್ಷ ನನಗೆ ಊಟವೇ ಸೇರುತ್ತಿರಲಿಲ್ಲ.

ತೊಂಬತ್ತನಾಲ್ಕರಲ್ಲಿ ಒಬ್ಬ ಅನಾಥ ಮುದುಕನ ತಲೆ ಬಿಚ್ಚಿದಾಗ ಮಿದುಳಿನ ಬುಡದಲ್ಲಿ ಇರಬಾರದ ಒಂದು ರಕ್ತನಾಳ ಸಿಕ್ಕಿತು. ಮಗು ಹೊಟ್ಟೆಯಲ್ಲಿರುವಾಗಲೇ ಮುಚ್ಚಿಹೋಗಬೇಕಾದ ನಾಳವಂತೆ. ಆ ಮುದುಕನಿಗೆ ಮುಚ್ಚಿರಲಿಲ್ಲ. ಅದರ ಮೇಲೆ ಬಟಾಣಿಯಷ್ಟು ಒಂದು ಉಬ್ಬು. ಅದು ಒಡೆದೇ ಅವನು ಸತ್ತಿದ್ದ. ಲಕ್ಷಕ್ಕೊಬ್ಬರಲ್ಲೂ ಸಿಗಲ್ಲ ಅಂತ ಪ್ರೊಫೆಸರ್ ಹಿಗ್ಗಿ, ಆ ಮಿದುಳನ್ನು ಗಾಜಿನ ಜಾಡಿಗೆ ಹಾಕಿಸಿ ಮ್ಯೂಸಿಯಂನಲ್ಲಿಟ್ಟರು.

ಜುಂಜಪ್ಪ ಅದಕ್ಕೆ ಬಟಾಣಿ ತಾತ ಅಂತ ಹೆಸರಿಟ್ಟ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮುಂದೆ, "ಇವ್ರು ತಲೇಲಿ ಬಟಾಣಿ ಬೆಳೆದ್ರು. ಟಪ್ ಅಂತು, ತಾತ ಹೋದ್ರು" ಅನ್ನುತ್ತಿದ್ದ. ಅವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಎರಡು ಸಾವಿರದ ಮೂರರ ಆಷಾಢದಲ್ಲಿ ಅವನ ಹೆಂಡತಿ ಸಿದ್ದಲಕ್ಷ್ಮಮ್ಮನ ಬಲಗಣ್ಣಿನ ರೆಪ್ಪೆ ಇಳಿಬಿತ್ತು. ವಿಪರೀತ ತಲೆನೋವು, ಒಂದು ಲೋಟ ಎರಡಾಗಿ ಕಾಣುವುದು. ಕುಣಿಗಲ್‌ನಿಂದ ಬಂದ ಅವಳ ತಾಯಿ ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತಲೆಯ ಫಿಲಂ ತೆಗೆಸಿದರು. ನಮ್ಮ ಪ್ರೊಫೆಸರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರು ಬಾಯಿ ಬಿಡುವ ಮೊದಲೇ ಜುಂಜಪ್ಪ ಮೇಜು ಹಿಡಿದುಕೊಂಡ. ಅದೇ ನಾಳ, ಅದೇ ಉಬ್ಬು.

"ಇದು ಒಡೆದಿಲ್ಲ ಕಣೋ ಜುಂಜಪ್ಪ. ತಲೆ ಬಿಚ್ಚಿ ಆ ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕ್ತಾರೆ, ಸರಿಹೋಗುತ್ತೆ" ಎಂದರು ಪ್ರೊಫೆಸರ್. ಅವನ ಕಿವಿಗೆ ಏನೂ ಬಿದ್ದಂತೆ ಕಾಣಲಿಲ್ಲ.

ಆಪರೇಷನ್‌ಗೆ ಹತ್ತು ದಿನವಿತ್ತು. ಆ ಹತ್ತು ದಿನ ಅವನನ್ನು ನೋಡಲಾಗುತ್ತಿರಲಿಲ್ಲ. ಹೆಂಡತಿ ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದ. ಬಿಂದಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಬೆಳಗ್ಗೆ ನಾನು ಮ್ಯೂಸಿಯಂಗೆ ಹೋದರೆ ಜಾಡಿಯ ಮುಂದೆ ಸೇವಂತಿಗೆ, ಊದಿನಕಡ್ಡಿ. ಇವನು ಕೆನ್ನೆ ಬಡಿದುಕೊಳ್ಳುತ್ತಿದ್ದಾನೆ.

"ತಾತ ಶಾಪ ಹಾಕ್ಬುಟ್ಟ ಸಾರ್."

ನನಗೆ ರೇಗಿತು. "ಹೆಣ ಶಾಪ ಹಾಕೋದಾದ್ರೆ ನಿಂಗೆ ಯಾವತ್ತೋ ಹಾಕಿರ್ಬೇಕಿತ್ತು, ಸುಮ್ನಿರಯ್ಯ" ಅಂದುಬಿಟ್ಟೆ. ಅವನ ಮುಖ ನೋಡಿ ನನಗೇ ನಾಚಿಕೆಯಾಯಿತು.

ಆಪರೇಷನ್ ದಿನ ನಾನೂ ಜೊತೆಗೆ ಹೋದೆ. ನರ್ಸು ಒಪ್ಪಿಗೆ ಪತ್ರ ತಂದು, ಗಂಡನ ಸಹಿ ಬೇಕು ಎಂದಳು. ಜುಂಜಪ್ಪ ಪೆನ್ನನ್ನೇ ಮುಟ್ಟಲಿಲ್ಲ.

"ನಾ ಹಾಕಲ್ಲ. ಇಪ್ಪತ್ತು ವರ್ಷದಿಂದ ನೋಡಿದೀನಿ ಸಾರ್. ತಲೆ ಬಿಚ್ಚಿದ್ಮೇಲೆ ಎದ್ದು ಕೂತೋರು ಒಬ್ರೂ ಇಲ್ಲ."

ಒಳಗೆ ಡಾಕ್ಟರು ಕಾಯುತ್ತಿದ್ದರು. ಆ ಉಬ್ಬು ಕಾಯುತ್ತದೋ ಇಲ್ಲವೋ ಯಾರಿಗೆ ಗೊತ್ತು. ನುಣ್ಣಗೆ ಬೋಳಿಸಿದ ತಲೆಯ ಸಿದ್ದಲಕ್ಷ್ಮಮ್ಮ ಸ್ಟ್ರೆಚರ್ ಮೇಲಿಂದ ಒಂದೇ ಕಣ್ಣಲ್ಲಿ ಗಂಡನನ್ನು ನೋಡಿದಳು.

"ಎದ್ದು ಕೂತೋರು ನಿಮ್ಮತ್ರ ಯಾಕ್ ಬತ್ತಾರೆ? ಅವ್ರು ಮನೆಗೆ ಹೋಗಿರ್ತಾರೆ. ಹಾಕಿ ಸೈನು."

ಅವನು ಪೆನ್ನು ತಗೊಂಡು ಸಹಿ ಹಾಕಿದ. ಬಾಗಿಲು ಮುಚ್ಚಿತು. ಏಳು ಗಂಟೆ ಹೊತ್ತು ಇಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ನಾನು ತಂದ ಇಡ್ಲಿ ಹಾಗೇ ತಣ್ಣಗಾಯಿತು.

ಮಾರನೇ ದಿನ ಅವಳು ಕಣ್ಣು ಬಿಟ್ಟಳು. ರೆಪ್ಪೆ ಪೂರ್ತಿ ಮೇಲೇಳಲು ಆರು ತಿಂಗಳು ಬೇಕಾಯಿತು.

ಈಗ ಜಾಡಿಯ ಮುಂದೆ ಜುಂಜಪ್ಪ ನಗಿಸುವುದಿಲ್ಲ. "ಈ ತಾತನಿಗೆ ಇದ್ದಿದ್ದೇ ನಮ್ಮನೆಯೋರಿಗೂ ಇತ್ತು" ಅಂತಷ್ಟೇ ಹೇಳುತ್ತಾನೆ. ಆ ಹತ್ತು ದಿನದ ಹೆದರಿಕೆ ಮಾತ್ರ ಹೋಗಿಲ್ಲ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಮೇಜಿಗೆ ಬಂದು ಮನೆಗೆ ಫೋನ್ ಹಚ್ಚುತ್ತಾನೆ. ಎರಡು ಸಲ ರಿಂಗಾದರೂ ಅವಳು ಎತ್ತದಿದ್ದರೆ ಇವನ ಉಸಿರು ನಿಂತುಹೋಗುತ್ತದೆ, ನನ್ನದೂ ಅಷ್ಟೇ. ಆಮೇಲೆ ಆ ಕಡೆಯಿಂದ ಅವಳ ಸಿಡುಕು ನನಗೂ ಕೇಳಿಸುತ್ತದೆ:

"ಮನೇಲಿದೀನಿ ಕಣ್ರೀ, ಫೋನ್ ಇಡಿ."